ನೋಡೋಣ ಎಂದವರನ್ನು ಹೌದು ಎಂದು ಬರೆದುಕೊಂಡೆ

ಒಂದು ನಿಮಿಷ ತಾಳಿ, ಪುಟ ಸರಿಸಬೇಡಿ. ಒಂಬತ್ತು ಜನ ಓದಿದವರು, ಒಬ್ಬರಿಗೊಬ್ಬರು ಬೇಕಾದವರು, ಮುಕ್ಕಾಲು ಗಂಟೆ ಚರ್ಚೆ ಮಾಡಿ ತಮ್ಮಲ್ಲೇ ಒಬ್ಬರ ಮಾತನ್ನು ಕಳೆದುಹಾಕಿದ್ದು ಹೇಗೆ ಎಂದು ಹೇಳುತ್ತೇನೆ. ಮಾತು ಎಂದರೆ ನಿಜವಾಗಿ ಮಾತೇ, ನಾಲಿಗೆ ಹೊರಳಿ ಬಾಯಿಂದ ಬರುವ ಮಾತು. ಆ ಒಂಬತ್ತು ಜನರಲ್ಲಿ ನಾನೂ ಒಬ್ಬ. ಜನ ಹೇಗೆ ತಪ್ಪು ನಿರ್ಧಾರ ಮಾಡುತ್ತಾರೆ ಎಂಬುದರ ಬಗ್ಗೆ ಉಳಿದ ಎಂಟೂ ಜನಕ್ಕಿಂತ ಜಾಸ್ತಿ ಓದಿಕೊಂಡಿದ್ದವನು ಕೂಡ ನಾನೇ. ಅದನ್ನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ.

ಕೋವಿಡ್ ಸ್ವಲ್ಪ ಇಳಿದ ಮೇಲೆ ನಾನು ಅಮೆರಿಕಕ್ಕೆ, ಲಾಸ್ ಏಂಜಲೀಸ್ ಪಕ್ಕದ ನಾರ್ತ್‌ರಿಜ್‌ಗೆ ಓದಲು ಬಂದೆ. ಮೂವರು ಹಂಚಿಕೊಂಡ ಅಪಾರ್ಟ್‌ಮೆಂಟು, ಕಾರಿಲ್ಲ, ಎಲ್ಲಿಗೆ ಹೋಗಬೇಕಾದರೂ ಬಸ್ಸು. ಆ ಬಸ್ಸಿನಲ್ಲೇ ನನ್ನ ಎರಡನೇ ಓದು ಶುರುವಾಯಿತು. ಮನಸ್ಸು ನಮಗೆ ಹೇಗೆ ಮೋಸ ಮಾಡುತ್ತದೆ ಎಂಬ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಕೇಳಿದೆ, ಲೈಬ್ರರಿಯಿಂದ ತಂದು ಓದಿದೆ. ನನ್ನ ಕೋರ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಮಗೆ ಬೇಕಾದ ಸಾಕ್ಷಿಯನ್ನಷ್ಟೇ ಕಣ್ಣು ಹುಡುಕುವುದು ಕನ್ಫರ್ಮೇಷನ್ ಬಯಾಸ್. ಇಷ್ಟು ದಿನ ಕಷ್ಟಪಟ್ಟಿದ್ದೇವೆ, ಈಗ ಹೇಗೆ ಬಿಡೋದು ಎಂದು ತಪ್ಪು ದಾರಿಯಲ್ಲೇ ಮುಂದೆ ಹೋಗುವುದಕ್ಕೆ ಇನ್ನೊಂದು ಹೆಸರು. ಎಲ್ಲ ಮುಗಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎನ್ನುವುದು ಹಿಂಡ್‌ಸೈಟ್ ಬಯಾಸ್. ಒಂದೊಂದು ಹೆಸರು ಕಲಿತಾಗಲೂ ಕನ್ನಡಕದ ನಂಬರು ಬದಲಾದ ಹಾಗಾಗುತ್ತಿತ್ತು. ರೂಮ್‌ಮೇಟ್‌ಗಳಂತೂ ನಾನು ಬಾಯಿ ತೆರೆದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು.

ನನ್ನ ಮಾತು ಕೇಳುವ ಜನ ಸಿಕ್ಕಿದ್ದು ಕನ್ನಡ ಬಳಗದಲ್ಲಿ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗೆ ಹರಡಿಕೊಂಡಿದ್ದ ಚಿಕ್ಕ ಬಳಗ ಅದು. ನಾನು ಕನ್ನಡ ಟೈಪ್ ಮಾಡುವ ವೇಗ ನೋಡಿ ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಕೆಲಸದಲ್ಲಿದ್ದ ಅಂಕಲ್, ಮೂಲ ಬೆಂಗಳೂರು, ಎಂಥ ಮೀಟಿಂಗಿನಲ್ಲೂ ನಗಿಸುವವರು. ಊಟದ ಉಸ್ತುವಾರಿ ರಾಯಚೂರಿನ ಅಂಕಲ್‌ದು. ಸಮಿತಿಯಲ್ಲಿ ಮೈಸೂರಿನ ಮುಸ್ಲಿಂ ಕುಟುಂಬದ ಒಬ್ಬ ಅಕ್ಕ ಇದ್ದರು, ಫಾರ್ಮಸಿಸ್ಟ್. ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದವರು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಆಂಟಿ. ನಾನು ಹೇಳಬೇಕಾಗಿರುವುದು ಇವರ ಬಗ್ಗೆ.

ಆಂಟಿ ಶನಿವಾರ ಬೆಳಗ್ಗೆ ತಮ್ಮ ಗ್ಯಾರೇಜಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕಿವಿ ಕೇಳದವರ ಹಾಗೆ ಗೋಡೆ ನೋಡುತ್ತ ಕೂರುತ್ತಿದ್ದರು, ಕನ್ನಡದಲ್ಲಿ ಹೇಳಿದ ತಕ್ಷಣ ಕಿವಿ ಬರುತ್ತಿತ್ತು. ಗಂಟಲು ಗಟ್ಟಿ, ಉಚ್ಚಾರ ಖಡಕ್ಕು. ಆ ವರ್ಷದ ವನಭೋಜನಕ್ಕೆ ನಾನು ನಿರೂಪಣೆ ಮಾಡುವುದೆಂದಾದಾಗ ನನ್ನ ಸ್ವಾಗತ ಭಾಷಣವನ್ನು ಫೋನಿನಲ್ಲೇ ಮೂರು ಸಲ ಓದಿಸಿದರು.

"ಹಾರ್ದಿಕ ಅನ್ನೋದನ್ನ ಹಾರಿ ಹೋಗೋ ಥರ ಅಂತೀಯಲ್ಲೋ. ನಿಂತು ಹೇಳು."

"ಆಂಟಿ, ನನಗೆ ಟೆನ್ಶನ್ ಆಗುತ್ತೆ."

"ನನ್ನ ಕ್ಲಾಸಿನ ಆರು ವರ್ಷದ ಮಗು ಹೇಳುತ್ತೆ ಕಣೋ. ಇನ್ನೊಂದ್ಸಲ."

ವನಭೋಜನ ಎರಡು ವರ್ಷ ಕೋವಿಡ್‌ನಿಂದ ನಿಂತುಹೋಗಿತ್ತು. ಈ ಸಲ ನಮ್ಮ ನಾರ್ತ್‌ರಿಜ್ ಕಡೆ, ಸಮುದ್ರದ ಗಾಳಿ ತಲುಪದ ಕಣಿವೆಯ ಒಂದು ಪಾರ್ಕಿನಲ್ಲಿ, ಸೆಪ್ಟೆಂಬರ್ ಮೊದಲ ಭಾನುವಾರ. ಆಂಟಿಯ ಮಕ್ಕಳು ಆರು ತಿಂಗಳಿಂದ ಕೋಲಾಟ ಕಲಿಯುತ್ತಿದ್ದರು. ಆರ್ಟೀಸಿಯಾದ ಇಂಡಿಯನ್ ಹೋಟೆಲಿನಲ್ಲಿ ಬಿಸಿಬೇಳೆಬಾತಿಗೆ, ಮೊಸರನ್ನಕ್ಕೆ ಹೇಳಿ ಆಗಿತ್ತು. ಅಷ್ಟರಲ್ಲಿ ಹವಾಮಾನದ ಆ್ಯಪಿನಲ್ಲಿ ಭಾನುವಾರದ ಅಂಕಿ ದಿನಕ್ಕೊಂದು ಮೆಟ್ಟಿಲು ಹತ್ತತೊಡಗಿತು. ಗುರುವಾರ ಬೆಳಗ್ಗೆ ನೋಡಿದರೆ ನೂರೆಂಟು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ನಲವತ್ತೆರಡು. ಆ ಸಂಜೆ ಏಳಕ್ಕೆ ವಿಡಿಯೋ ಮೀಟಿಂಗ್ ಕರೆದೆವು. ವನಭೋಜನ ಮಾಡುವುದಾ, ಮುಂದೂಡುವುದಾ? ಪ್ರಶ್ನೆ ಅಷ್ಟೇ.

ನಾನು ಸಿದ್ಧನಾಗಿ ಕೂತಿದ್ದೆ. ಇಂಥ ಹೊತ್ತಿಗೆಂದೇ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಅದಕ್ಕೆ ನಿಷ್ಪಕ್ಷ ಹಾಳೆ ಎಂದು ಹೆಸರು ಬೇರೆ. ಒಂಬತ್ತು ಹೆಸರು, ಪ್ರತಿ ಹೆಸರಿನ ಮುಂದೆ ಎರಡೇ ಮನೆ, ಹೌದು ಮತ್ತು ಇಲ್ಲ. ದೊಡ್ಡವರ ಮಾತಿಗೆ ಚಿಕ್ಕವರು ತಲೆಯಾಡಿಸಬಾರದು ಎಂದು ಅಧ್ಯಕ್ಷರ ಸರದಿಯನ್ನು ಕೊನೆಗೆ ಇಟ್ಟಿದ್ದೆ. ಪುಸ್ತಕದಲ್ಲಿ ಹಾಗೇ ಹೇಳಿತ್ತು.

ಆದರೆ ನಾನು ಹಾಳೆ ತೆರೆಯುವುದಕ್ಕೆ ಮೊದಲೇ ಅಧ್ಯಕ್ಷರು ಬಂದು ಕೂತರು. ಯಾರೋ ನೂರೆಂಟಂತೆ ಎಂದರು.

"ನೂರೆಂಟಾ? ಅಷ್ಟೋತ್ತರ ಆಯ್ತಲ್ರೀ! ಇನ್ನೇನ್ ಬೇಕು, ಅರ್ಚನೆ ಮಾಡಿಸ್ಬಿಡೋಣ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನೂರೆಂಟು ಎಂಬ ಅಂಕಿಯ ಬಿಸಿ ಆ ನಗುವಿನಲ್ಲಿ ಅರ್ಧ ಆರಿಹೋಯಿತು. ಉಳಿದರ್ಧವನ್ನು ರಾಯಚೂರಿನ ಅಂಕಲ್ ಆರಿಸಿದರು.

"ನಾ ರಾಯಚೂರಾಗ ಹುಟ್ಟಿದಾಂವ ಅದೀನ್ರೀ. ಏಪ್ರಿಲ್ ತಿಂಗಳದಾಗ ಬರಿಗಾಲಿಲೆ ಸಾಲಿಗೆ ಹೋಗೀನಿ. ನೂರೆಂಟಕ್ಕ ಅಂಜಿದ್ರ ನಮ್ಮೂರ ಮಂದಿ ನಗ್ತಾರ. ಕೋವಿಡ್‌ಕಿಂತ ಮೊದ್ಲಿನ ಪಿಕ್ನಿಕ್ಕಿನಾಗೂ ಹಿಂಗ ಬಿಸಲಿತ್ತು, ಏನಾತು? ಏನೂ ಆಗಲಿಲ್ಲ."

ಅವರು ರಾಯಚೂರು ಬಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಸಮುದ್ರದ ಗಾಳಿ ಬರುವ ಮನೆ, ಎ.ಸಿ. ಇರುವ ಕಾರು, ಎ.ಸಿ. ಇರುವ ಆಫೀಸು. ಸಮಿತಿಯಲ್ಲಿ ಹೆಚ್ಚಿನವರದ್ದೂ ಹಾಗೇ. ಮೈ ಯಾವತ್ತೋ ಮರೆತ ಬಿಸಿಲನ್ನು ಬಾಯಿ ಮಾತ್ರ ನೆನಪಿಟ್ಟುಕೊಂಡಿತ್ತು. ಇದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ. ಫಾರ್ಮಸಿಸ್ಟ್ ಅಕ್ಕ ಹೇಳಿದರು: "ಬಿ.ಪಿ. ಮಾತ್ರೆ ತಗೊಳ್ಳೋರು ತುಂಬ ಜನ ಬರ್ತಾರೆ. ಕೆಲವು ಮಾತ್ರೆ ಹಾಕ್ಕೊಂಡ್ರೆ ಮೈಯಲ್ಲಿ ನೀರು ನಿಲ್ಲಲ್ಲ. ಅವ್ರಿಗೆ ಬಿಸಿಲು ಬೇಗ ಹೊಡೆಯುತ್ತೆ. ಎಲ್ಲಾ ರೆಡಿ ಆಗಿದೆ ಅಂತೀರ... ನೋಡೋಣ." ನಾನು ಹೌದು ಎಂಬ ಮನೆಯಲ್ಲಿ ಗುರುತು ಹಾಕಿದೆ.

ಆಂಟಿ ಹೇಳಿದ್ದು: "ಮಕ್ಕಳು ಆಸೆ ಇಟ್ಕೊಂಡಿದಾವೆ. ಆದ್ರೂ ಮಧ್ಯಾಹ್ನದ ಹೊತ್ತು ಅಂದ್ರೆ... ನೋಡೋಣಪ್ಪ." ಹೌದು.

ಇನ್ನು ನಾಲ್ವರಲ್ಲಿ ಒಬ್ಬರು ಕೆಮ್ಮಿ "ನೋಡೋಣ" ಎಂದರು. ಒಬ್ಬರು "ನೀವೆಲ್ಲ ಹೇಗ್ ಹೇಳ್ತೀರೋ ಹಾಗೆ, ನೋಡೋಣ" ಎಂದರು. ಉಳಿದಿಬ್ಬರದ್ದೂ ಅದೇ ಮಾತು. ಹೌದು, ಹೌದು, ಹೌದು, ಹೌದು. ರಾಯಚೂರಿನ ಅಂಕಲ್‌ದು ಕೇಳಲೇಬೇಕಿರಲಿಲ್ಲ. ನನ್ನದು ಮೊದಲೇ ಹಾಕಿಕೊಂಡಿದ್ದೆ.

"ಏನ್ ಪ್ರೊಫೆಸರ್ರೇ, ಏನಂತಿದೆ ನಿಮ್ ಹಾಳೆ?" ಎಂದರು ಅಧ್ಯಕ್ಷರು.

"ಅಂಕಲ್, ನಿಮ್ಮದೂ ಸೇರಿದ್ರೆ ಒಂಬತ್ತಕ್ಕೆ ಒಂಬತ್ತು."

ಇಷ್ಟು ಚೊಕ್ಕ ಫಲಿತಾಂಶ ಬಂದರೆ ಅನುಮಾನ ಪಡಬೇಕು ಎಂದು ಕೂಡ ನಾನು ಓದಿದ್ದೆ. ಆದರೆ ಸ್ವಾಗತ ಭಾಷಣ ಬಾಯಿಪಾಠವಾಗಿತ್ತು. ಹೊಸ ಜುಬ್ಬಾ ಇಸ್ತ್ರಿ ಮಾಡಿ ತೂಗುಹಾಕಿದ್ದೆ. ನನಗೆ ವನಭೋಜನ ಬೇಕಾಗಿತ್ತು. ಒಳಗಿದ್ದದ್ದು ಇಷ್ಟೇ.

ಶನಿವಾರ ಆಂಟಿ ಫೋನ್ ಮಾಡಿದ್ದರು. "ಅಲ್ಲಪ್ಪ, ಕೋಲಾಟ ಬೆಳಗ್ಗೆ ಮೊದಲೇ ಇಟ್ಕೊಂಡ್ರೆ ಹೇಗೆ?" ಹನ್ನೊಂದೂವರೆಗೇ ಇದೆ ಆಂಟಿ, ಚಿಂತೆ ಮಾಡಬೇಡಿ ಎಂದೆ. "ಅಲ್ಲಿ ನೆರಳು ಎಷ್ಟಿದೆ?" ಶಾಮಿಯಾನ ಹಾಕಿಸ್ತಿದೀವಿ ಎಂದೆ. "ಹ್ಞೂ, ಸರಿ" ಎಂದು ಇಟ್ಟರು. ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಉತ್ತರ ಕೊಟ್ಟೆ. ಆ ಪ್ರಶ್ನೆಗಳನ್ನು ಯಾಕೆ ಕೇಳುತ್ತಿದ್ದಾರೆ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಭಾನುವಾರ ಯಾವುದೂ ಹೇಳಿದ ಹೊತ್ತಿಗೆ ಆಗಲಿಲ್ಲ. ಅತಿಥಿಗಳು ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡರು. ದೀಪ ಹಚ್ಚಲು ಕಾಯೋಣ ಎಂದರು. ನನ್ನ ಸ್ವಾಗತ ಭಾಷಣ, ಚಪ್ಪಾಳೆ, ಅಧ್ಯಕ್ಷರ ನಾಲ್ಕು ಮಾತು, ಅತಿಥಿಗಳ ನಲವತ್ತು ಮಾತು. ಹನ್ನೊಂದೂವರೆಯ ಕೋಲಾಟ ಒಂದೂಕಾಲಿಗೆ ಬಂತು. ಶಾಮಿಯಾನ ಊಟದ ಮೇಜುಗಳಿಗೇ ಸರಿಯಾಗಿತ್ತು. ಹುಲ್ಲಿನಿಂದ ಬಿಸಿ ಮೇಲಕ್ಕೆ ಬಂದು ಪಂಚೆಯೊಳಗೆ ನುಗ್ಗುತ್ತಿತ್ತು. ಶೌಚಾಲಯ ಪಾರ್ಕಿನ ಆ ತುದಿಯಲ್ಲಿ, ಪಾರ್ಕಿಂಗಿನಾಚೆ. ರೇಷ್ಮೆ ಸೀರೆಯಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆಂದು ಎಷ್ಟೋ ಹೆಂಗಸರು ಬೆಳಗ್ಗಿನಿಂದ ನೀರೇ ಮುಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮೊದಲೇ ಹೋಗಿ ಪಾರ್ಕು ನೋಡಿ ಗೊತ್ತುಮಾಡಿ ಬಂದಿದ್ದ ನಾವು ಮೂವರೂ ಗಂಡಸರು.

ಆಂಟಿ ಮಕ್ಕಳನ್ನು ಒಂದು ಓಕ್ ಮರದ ನೆರಳಿನಲ್ಲಿ ನಿಲ್ಲಿಸಿದರು. ನೆರಳು ಅಷ್ಟಕ್ಕೇ ಮುಗಿಯಿತು. ಹೆಜ್ಜೆ ಮರೆತವರಿಗೆ ತೋರಿಸಲು ತಾವು ಎದುರಿಗೆ, ಬಿಸಿಲಿನಲ್ಲಿ ನಿಂತರು. ಕೈಯಲ್ಲೆರಡು ಕೋಲು. "ಒಂದು, ಎರಡು, ತಿರುಗಿ! ಮೂರು, ನಾಲ್ಕು, ಹೊಡಿ!" ಮೈಕಿಲ್ಲದೆ ಇಡೀ ಪಾರ್ಕಿಗೆ ಕೇಳುತ್ತಿತ್ತು. ಒಂದು ಹಾಡು ಮುಗಿಯಿತು, ಎಲ್ಲರೂ ಇನ್ನೊಂದು ಎಂದು ಕೂಗಿದರು. ಮೈಕಿನಲ್ಲಿ ನಾನೂ ಕೂಗಿದೆ.

ಎರಡನೇ ಹಾಡಿನ ಮಧ್ಯೆ ಆಂಟಿ "ಎರಡು, ಎರಡು, ಎರಡು" ಎನ್ನತೊಡಗಿದರು. ಮಕ್ಕಳು ತಮಾಷೆ ಎಂದುಕೊಂಡು ಎರಡನೇ ಹೆಜ್ಜೆಯನ್ನೇ ಹಾಕುತ್ತ ನಕ್ಕರು. ನಾವೂ ನಕ್ಕೆವು. ಫಾರ್ಮಸಿಸ್ಟ್ ಅಕ್ಕ ಮಾತ್ರ ಊಟದ ತಟ್ಟೆ ಕೆಳಗೆ ಹಾಕಿ ಓಡಿದರು. ಅವರು ಮುಟ್ಟುವಷ್ಟರಲ್ಲಿ ಆಂಟಿ ಕುಸಿದಿದ್ದರು.

"ಮೈ ಕೆಂಡ ಆಗಿದೆ. ಜ್ಯೂಸಿನ ಡಬ್ಬದಲ್ಲಿರೋ ಐಸೆಲ್ಲ ತನ್ನಿ! ನೈನ್ ಒನ್ ಒನ್ ಮಾಡ್ರೋ ಯಾರಾದ್ರೂ! ಮಕ್ಕಳನ್ನ ಆ ಕಡೆ ಕರ್ಕೊಂಡ್ ಹೋಗಿ!"

ಕುತ್ತಿಗೆಗೆ, ಕಂಕುಳಿಗೆ ಐಸು ಇಟ್ಟು, ಒದ್ದೆ ಪಂಚೆ ಹೊದಿಸಿ, ಆಂಬುಲೆನ್ಸ್ ಬರುವವರೆಗೂ ಅಕ್ಕ ಗಾಳಿ ಹಾಕುತ್ತಲೇ ಇದ್ದರು. ಆಂಟಿ ಬದುಕಿದ್ದು ಅದರಿಂದ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆಂಟಿಯ ಮಗಳು ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಸಂಜೆ ಬಂದಳು. ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಇಂಗ್ಲಿಷು. ಐ.ಸಿ.ಯು. ಹೊರಗೆ ನಮ್ಮ ಜರಿ ಪಂಚೆ, ರೇಷ್ಮೆ ಸೀರೆಗಳನ್ನು ಒಂದು ಸುತ್ತು ನೋಡಿ ಕೇಳಿದಳು: "ಹೂ ಡಿಸೈಡೆಡ್ ದಿಸ್?"

"ಎಲ್ಲರೂ ಸೇರಿ..." ಎಂದೆ ನಾನು.

"ಎವ್ರಿಬಡಿ ಈಸ್ ನೋಬಡಿ," ಎಂದು ಅಲ್ಲಿಂದ ಹೋದಳು.

ಮೆದುಳಿನಲ್ಲಿ ಸಮತೋಲವನ್ನು, ನಾಲಿಗೆಯ ಚಲನೆಯನ್ನು ನೋಡಿಕೊಳ್ಳುವ ಭಾಗಕ್ಕೆ ಶಾಖದಿಂದ ಪೆಟ್ಟಾಗಿದೆ ಎಂದರು ಡಾಕ್ಟರು. ಬುದ್ಧಿಗೆ, ನೆನಪಿಗೆ ಏನೂ ಆಗಿರಲಿಲ್ಲ. ನಡಿಗೆ ಓಲಾಡುತ್ತಿತ್ತು. ಮಾತು ಕುಡಿದವರ ಮಾತಿನ ಹಾಗೆ ಎಳೆದೆಳೆದು, ಒಂದಕ್ಷರ ಇನ್ನೊಂದಕ್ಕೆ ಅಂಟಿಕೊಂಡು ಬರುತ್ತಿತ್ತು. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಬರುತ್ತದೆಂದು ಹೇಳುವುದಕ್ಕಾಗದು ಎಂದರು.

ಎರಡು ವಾರದ ಮೇಲೆ ಪೆನಾಸ್ಕಿಟೋಸ್‌ನಲ್ಲಿ ಅಧ್ಯಕ್ಷರ ಮನೆಯಲ್ಲಿ ಸಮಿತಿ ಸೇರಿತು. ಆಂಟಿಯ ಕುರ್ಚಿ ಖಾಲಿ. ಕಾಫಿ ಬಂತು, ಯಾರೂ ಮುಟ್ಟಲಿಲ್ಲ. ಆಗ ಶುರುವಾಯಿತು ನೋಡಿ.

"ನಾನು ಆವತ್ತೇ ಹೇಳಿದ್ದೆ."

"ನನಗೂ ಮನಸ್ಸಿರಲಿಲ್ಲ."

"ಬೇಡ ಅಂತಾನೇ ಅಂದಿದ್ವಲ್ಲ ನಾವು."

ನನಗೆ ಸಿಟ್ಟು ಬಂತು. ಒಬ್ಬೊಬ್ಬರೂ ಒಪ್ಪಿದ್ದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೇನೆ, ಈಗ ಹೀಗಾ? ಲ್ಯಾಪ್‌ಟಾಪ್ ತೆರೆದು ಹಾಳೆ ತೋರಿಸಿದೆ. "ಇದಕ್ಕೆ ಹಿಂಡ್‌ಸೈಟ್ ಬಯಾಸ್ ಅಂತಾರೆ. ಆದ ಮೇಲೆ ಎಲ್ಲರಿಗೂ ಮೊದಲೇ ಗೊತ್ತಿತ್ತು ಅನ್ಸುತ್ತೆ. ಆದ್ರೆ ಆವತ್ತು ಒಂಬತ್ತಕ್ಕೆ ಒಂಬತ್ತೂ ಹೌದು ಅಂದಿದೀರಿ."

ಫಾರ್ಮಸಿಸ್ಟ್ ಅಕ್ಕ ಎದ್ದು ಬಂದು ತಮ್ಮ ಹೆಸರಿನ ಮುಂದಿದ್ದ ಗುರುತು ನೋಡಿದರು. ಮುಖ ಕೆಂಪಾಯಿತು.

"ನಾನು ಹೌದು ಅಂದ್ನಾ? ನಾನು ನೋಡೋಣ ಅಂದೆ."

"ಅದೇ ಅಕ್ಕ, ಇಲ್ಲ ಅನ್ನಲಿಲ್ವಲ್ಲ."

"ನಿಮ್ಮನೇಲಿ ನೋಡೋಣ ಅಂದ್ರೆ ಏನೋ ಅರ್ಥ? ಹೇಳು. ನಿಮ್ಮಮ್ಮ ನೋಡೋಣ ಅಂದ್ರೆ ಏನರ್ಥ?"

ನಾನು ಪಿ.ಯು.ಸಿ.ಯಲ್ಲಿದ್ದಾಗ ಬೈಕು ಬೇಕು ಎಂದು ಅಪ್ಪನನ್ನು ಕೇಳಿದ್ದೆ. ನೋಡೋಣ ಎಂದಿದ್ದರು. ಆ ಬೈಕು ಬರುವುದಿಲ್ಲ ಎಂದು ಆ ಕ್ಷಣವೇ ನನಗೆ ಗೊತ್ತಾಗಿತ್ತು. ನನ್ನ ಸ್ವಂತ ಅಕ್ಕನಿಗೆ ಒಂದು ಸಂಬಂಧ ಬಂದಾಗ ಅಮ್ಮ ಅವರಿಗೆ ಕಾಫಿ ಕೊಟ್ಟು, ನೋಡೋಣ ಎಂದು ಕಳಿಸಿದ್ದರು. ಅವರು ಮತ್ತೆ ಫೋನ್ ಮಾಡಲಿಲ್ಲ, ನಾವು ಕಾಯಲೂ ಇಲ್ಲ. ಎದುರಿಗಿದ್ದವರ ಮುಖ ಸಣ್ಣದಾಗದ ಹಾಗೆ ಬೇಡ ಎನ್ನುವುದಕ್ಕೆ ನಮ್ಮ ಮನೆಗಳಲ್ಲಿ ಇರುವ ಪದ ಅದೊಂದೇ. ಅದನ್ನು ಕೇಳುತ್ತಲೇ ಬೆಳೆದವನು ನಾನು.

ಅಪಾರ್ಟ್‌ಮೆಂಟಿಗೆ ವಾಪಸ್ ಬಂದು ಆ ಗುರುವಾರದ ಮೀಟಿಂಗಿನ ರೆಕಾರ್ಡಿಂಗ್ ಹಾಕಿ ಕೇಳಿದೆ. ಆರು ನೋಡೋಣಗಳಿದ್ದವು. ಪ್ರತಿಯೊಂದರ ಹಿಂದೆಯೂ ಒಂದು ತಡವರಿಕೆ ಇತ್ತು. ನಿಲ್ಲಿಸುವಷ್ಟು ಜನ ಅಲ್ಲೇ ಇದ್ದರು. ಆರು ಜನ ಬೇಡ ಎಂದಿದ್ದರು, ಮೂವರು ಬೇಕು ಎಂದಿದ್ದೆವು. ನಾನು ಕೇಳಿದ ರೀತಿಯೂ ಅದರಲ್ಲಿ ದಾಖಲಾಗಿತ್ತು. ಪ್ರತಿಯೊಬ್ಬರಿಗೂ "ಹಾಗಾದ್ರೆ ಮಾಡೋಣ, ಅಲ್ವಾ?" ಎಂದು ನಗುತ್ತ ಕೇಳಿದ್ದೆ. ಹಿಂಡ್‌ಸೈಟ್ ಬಯಾಸ್ ಎಂದು ನಾನು ಅವರಿಗೆ ಅಂಟಿಸಿದ ಚೀಟಿಯೂ ಸುಳ್ಳಾಗಿತ್ತು. ಅವರಿಗೆ ನಿಜವಾಗಿಯೂ ಮೊದಲೇ ಗೊತ್ತಿತ್ತು, ಹೇಳಿಯೂ ಇದ್ದರು.

ನಡಾವಳಿ ತಿದ್ದೋಣ ಎಂದು ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಬೇಡ ಬಿಡಪ್ಪ. ಯಾರ ತಪ್ಪೂ ಅಲ್ಲ ಅದು. ಟೈಮ್ ಸರಿ ಇರ್ಲಿಲ್ಲ."

"ಅಂಕಲ್, ಆರು ಜನ ಬೇಡ ಅಂದಿದ್ರು."

"ನನಗೆ ಆ ಅಷ್ಟೋತ್ತರದ ಜೋಕು ನೆನಪಾದ್ರೆ ಊಟ ಸೇರಲ್ಲ ಕಣೋ" ಎಂದರು. ಅವರು ನಗಿಸದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಡಾವಳಿ ತಿದ್ದಿದೆವು. ತೊಂಬತ್ತೈದು ಡಿಗ್ರಿ ದಾಟಿದರೆ ಚರ್ಚೆಯೇ ಇಲ್ಲದೆ ರದ್ದು ಎಂದು ನಿಯಮವನ್ನೂ ಮಾಡಿದೆವು. ಅದರಿಂದ ಮುಂದೆ ಯಾರಿಗಾದರೂ ಒಳ್ಳೆಯದಾಗಬಹುದು. ಆಂಟಿಗೆ ಏನಾಯಿತು ಅದರಿಂದ?

ಆಂಟಿಯ ಮನೆಗೆ ಎಲ್ಲರ ಜೊತೆ ಹೋಗಿ ಬಂದಿದ್ದೆ, ಒಬ್ಬನೇ ಹೋಗಲು ಎಂಟು ತಿಂಗಳು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನನಗೆ ಸ್ಯಾನ್ ಡಿಯಾಗೋದಲ್ಲೇ ಕೆಲಸ ಸಿಕ್ಕಿ, ಮನೆ ಹತ್ತು ನಿಮಿಷದ ದಾರಿಯಾಗಿ, ನೆಪಗಳೆಲ್ಲ ಮುಗಿದವು. ಒಂದು ಮಧ್ಯಾಹ್ನ ಹೋದೆ. ವಾಕರ್ ಹಿಡಿದು ಅವರೇ ಬಾಗಿಲು ತೆಗೆದರು. ಗ್ಯಾರೇಜಿನಲ್ಲಿ ಈಗ ಕಾರು ನಿಂತಿತ್ತು. ಕ್ಲಾಸಿನ ಮಕ್ಕಳು ಬೇರೆ ಬೇರೆ ಕಡೆ ಆನ್‌ಲೈನ್ ಸೇರಿಕೊಂಡಿದ್ದರು. ಕೆಲವರು ಎಲ್ಲಿಯೂ ಸೇರಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಹಾಳೆ, ಗುರುತು, ಜುಬ್ಬಾ, ಅವರ ನೋಡೋಣವನ್ನು ಹೌದು ಮಾಡಿದ್ದು. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಬಾಯಿ ಹಾಕುವುದು ಅವರಿಗೀಗ ಸುಲಭವೂ ಅಲ್ಲ. ಮುಗಿದ ಮೇಲೆ ಕಷ್ಟಪಟ್ಟು ಕೇಳಿದರು. ರೆಕಾರ್ಡಿಂಗ್ ಎಂಬ ಪದ ಅರ್ಥವಾಗಲು ನನಗೆ ಎರಡು ಸಲ ಬೇಕಾಯಿತು. ಇದೆಯಾ ಎಂದು ಕೇಳುತ್ತಿದ್ದರು.

ಫೋನಿನಲ್ಲಿ ಅವರ ಸರದಿ ಬರುವ ಜಾಗಕ್ಕೆ ತಂದು ಒತ್ತಿದೆ. "ಮಕ್ಕಳು ಆಸೆ ಇಟ್ಕೊಂಡಿದಾವೆ. ಆದ್ರೂ ಮಧ್ಯಾಹ್ನದ ಹೊತ್ತು ಅಂದ್ರೆ... ನೋಡೋಣಪ್ಪ." ಹನ್ನೆರಡು ಸೆಕೆಂಡು ಇರಬಹುದು.

"ಇನ್... ನೊಂದ್ಸಲ."

ಹಾಕಿದೆ. ತಾವು ನಿಜವಾಗಿ ಬೇಡ ಎಂದಿದ್ದರಾ ಇಲ್ಲವಾ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. "ನೀವು ಹೇಳಿದ್ರಿ ಆಂಟಿ, ನಾನೇ ಕೇಳಿಸ್ಕೊಳ್ಳಲಿಲ್ಲ" ಎಂದೆ. ಅವರು ತಲೆಯಾಡಿಸಿ, ಸುಮ್ಮನಿರು ಎಂಬಂತೆ ಕೈ ಎತ್ತಿ, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. ತಾವೇ ಒತ್ತಿ, ಫೋನನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿಕೊಂಡರು. ತುಟಿಗಳು ಒಂದೊಂದು ಅಕ್ಷರದ ಜೊತೆಗೂ ಅಲುಗುತ್ತಿದ್ದವು. ಆಗ ಗೊತ್ತಾಯಿತು. ಅವರು ಏನು ಹೇಳಿದ್ದರೆಂಬುದು ಅವರಿಗೆ ಬೇಕಿರಲಿಲ್ಲ. ಅವರು ತಮ್ಮ ದನಿ ಕೇಳುತ್ತಿದ್ದರು.

ಆ ಹನ್ನೆರಡು ಸೆಕೆಂಡನ್ನು ಕತ್ತರಿಸಿ ಅವರ ಫೋನಿಗೆ ಕಳಿಸಿ ಬಂದೆ. ನಾನು ಕೊಡಬಹುದಾಗಿದ್ದದ್ದು ಅಷ್ಟೇ ಆಗಿತ್ತು.

ನೀವೂ ಸಂಘ, ಆಫೀಸು, ಅಪಾರ್ಟ್‌ಮೆಂಟ್ ಸಮಿತಿ ಎಂದು ಎಲ್ಲೆಲ್ಲೋ ಕೂತಿರುತ್ತೀರಿ. ಒಳಗೊಳಗೇ ಬೇಡ ಅನ್ನಿಸಿ, ಬಾಯಲ್ಲಿ ಮೆತ್ತಗೆ ಬೇರೇನೋ ಹೇಳಿ ಎದ್ದುಬಂದದ್ದು ಇದೆಯಾ? ಅಥವಾ ನನ್ನ ಹಾಗೆ, ಎದುರಿಗಿದ್ದವರು ಬೇಡ ಎಂದದ್ದು ಕಿವಿಗೆ ಬಿದ್ದೂ ಬರೆದುಕೊಳ್ಳದೆ ಹೋದದ್ದು? ಆಮೇಲೆ ಏನಾಯಿತು, ಅದನ್ನು ಯಾರಿಗಾದರೂ ಹೇಳಿದಿರಾ, ದಯವಿಟ್ಟು ಕೆಳಗೆ ಬರೆಯಿರಿ. ಹೆಸರು ಹಾಕಬೇಕಾಗಿಲ್ಲ. ಉದ್ದವಾದರೂ ಪರವಾಗಿಲ್ಲ, ಪ್ರತಿಯೊಂದನ್ನೂ ಓದುತ್ತೇನೆ.